ಕರಾವಳಿಯ ಕೈತೋಟಕ್ಕೆ ಒಗ್ಗುವ ಲಿಲ್ಲಿಗಳು

ಚಳಿಗಾಲ ಹತ್ತಿರವಾದಂತೆ ನರ್ಸರಿಗಳಲ್ಲಿಯೂ ಅಂತರ್ಜಾಲದ ಮಳಿಗೆಗಳಲ್ಲಿಯೂ ಬಣ್ಣದ ಚಿತ್ರ ಅಂಟಿಸಿದ ಲಿಲ್ಲಿ ಗಡ್ಡೆಗಳ ಪೊಟ್ಟಣಗಳು ಕಾಣಿಸಿಕೊಳ್ಳುತ್ತವೆ. ಉಡುಪಿ, ಮಣಿಪಾಲದ ಹೂಪ್ರಿಯರು ಅವನ್ನು ಕೊಂಡು ಕುಂಡದಲ್ಲಿ ನೆಡುತ್ತಾರೆ. ಫೆಬ್ರವರಿಯ ಹೊತ್ತಿಗೆ ಅಂಗೈಯಗಲದ ಹೂವು ಅರಳುತ್ತದೆ, ಮನೆಯವರಿಗೆಲ್ಲ ಸಂತೋಷವಾಗುತ್ತದೆ. ಆದರೆ ಜುಲೈ ತಿಂಗಳಲ್ಲಿ ಅದೇ ಕುಂಡವನ್ನು ಕೆದಕಿ ನೋಡಿದರೆ ಗಡ್ಡೆಯ ಬದಲಿಗೆ ಲೋಳೆಯಾದ ಒಂದು ಮುದ್ದೆ ಮಾತ್ರ ಸಿಗುತ್ತದೆ. ಆರೈಕೆಯಲ್ಲಿ ಏನೋ ತಪ್ಪಾಯಿತೆಂದು ಕೊರಗುವವರು ಮುಂದಿನ ವರ್ಷ ಮತ್ತೆ ಅದನ್ನೇ ಕೊಳ್ಳುತ್ತಾರೆ. ವಾಸ್ತವದಲ್ಲಿ ಅಲ್ಲಿ ತಪ್ಪಿರುವುದು ಆಯ್ಕೆಯಲ್ಲಿ. ಅದೇ ಅಂಗಳದ ಬಾವಿಕಟ್ಟೆಯ ಬದಿಯಲ್ಲಿ ಯಾರೂ ನೀರು ಹಾಕದ, ಗೊಬ್ಬರ ಕಾಣದ ಬಿಳಿ ಲಿಲ್ಲಿಯೊಂದು ಅಜ್ಜಿಯ ಕಾಲದಿಂದ ಅರಳುತ್ತಿರುವುದುಂಟು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಅನಂತರ ಮೇ ತಿಂಗಳವರೆಗೆ ನೆಲ ಒಣಗುತ್ತ ಹೋಗುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡ ಗಡ್ಡೆಗಿಡಗಳಿಗೆ ಇಲ್ಲಿ ಆರೈಕೆಯೇ ಬೇಡ. ಹೊಂದಿಕೊಳ್ಳದವುಗಳಿಗೆ ಎಷ್ಟು ಆರೈಕೆಯೂ ಸಾಲದು.

ಹೆಸರೊಂದು, ಕುಲ ಹಲವು

ಆಡುಮಾತಿನಲ್ಲಿ ಲಿಲ್ಲಿ ಎನಿಸಿಕೊಂಡ ಗಿಡಗಳಲ್ಲಿ ಹೆಚ್ಚಿನವು ಸಸ್ಯಶಾಸ್ತ್ರದ ಪ್ರಕಾರ ಲಿಲ್ಲಿಗಳೇ ಅಲ್ಲ. ನಿಜವಾದ ಲಿಲ್ಲಿಗಳು ಲಿಲಿಯಂ ಎಂಬ ಕುಲಕ್ಕೆ ಸೇರಿದವು. ಇದರಲ್ಲಿ ಸುಮಾರು ನೂರು ಪ್ರಭೇದಗಳಿದ್ದು, ಎಲ್ಲವೂ ಉತ್ತರಾರ್ಧಗೋಳದವು. ಬಹುತೇಕ ತಂಪು ನಾಡಿನವು. ದಕ್ಷಿಣ ಭಾರತಕ್ಕೆ ಸ್ವಂತವಾದ ನಿಜ ಲಿಲ್ಲಿ ಎಂದರೆ ನೀಲಗಿರಿ ಲಿಲ್ಲಿ. ಅದು ಬೆಳೆಯುವುದು ನೀಲಗಿರಿ, ಪಳನಿ ಮೊದಲಾದ ಬೆಟ್ಟಗಳ ಎತ್ತರದ ತಂಪಿನಲ್ಲಿ.

ಅಂಗಳದ ಸ್ಪೈಡರ್ ಲಿಲ್ಲಿ, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ, ದೊಡ್ಡ ಕೆಂಪು ಹೂವಿನ ಅಮರಿಲ್ಲಿಸ್ ಇವೆಲ್ಲ ಅಮರಿಲ್ಲಿಸ್ ಕುಟುಂಬದವು. ಈರುಳ್ಳಿ, ಬೆಳ್ಳುಳ್ಳಿಯ ದಾಯಾದಿಗಳು. ಅಮರಿಲ್ಲಿಸ್ ಎಂದು ಮಾರಾಟವಾಗುವ ಗಿಡವೂ ನಿಜವಾದ ಅಮರಿಲ್ಲಿಸ್ ಅಲ್ಲ. ಅದು ಅಮೆರಿಕ ಖಂಡದ ಹಿಪ್ಪಿಯಾಸ್ಟ್ರಂ. ಅಮರಿಲ್ಲಿಸ್ ಎಂಬ ಹೆಸರು ಆಫ್ರಿಕದ ಗಿಡಕ್ಕೇ ಸಲ್ಲಬೇಕೆಂದು 1987ರಲ್ಲಿ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ತೀರ್ಮಾನಿಸಿತು. ವ್ಯಾಪಾರಿಗಳು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಜಿಂಜರ್ ಲಿಲ್ಲಿ ಶುಂಠಿಯ ನೆಂಟ, ಪೀಸ್ ಲಿಲ್ಲಿ ಕೆಸುವಿನ ನೆಂಟ. ವಾಟರ್ ಲಿಲ್ಲಿಯಾದ ನೈದಿಲೆಗೆ ಈ ಯಾವುದರ ಸಂಬಂಧವೂ ಇಲ್ಲ. ಅದರ ಜೊತೆಯಲ್ಲಿಯೇ ಹೆಸರು ಹೇಳುವ ತಾವರೆಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ ಎಂಬುದು ಹಲವರಿಗೆ ಅಚ್ಚರಿಯ ಸಂಗತಿ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಗಿಡಕ್ಕೆ ಚಳಿ ಬೇಕೋ ಸೆಕೆ ಬೇಕೋ, ವಿಶ್ರಾಂತಿ ಯಾವ ತಿಂಗಳಲ್ಲಿ, ಮಗು ಕಚ್ಚಿದರೆ ಏನಾಗುತ್ತದೆ ಎಂಬುದೆಲ್ಲ ಕುಲವನ್ನು ಅವಲಂಬಿಸಿದೆ. ಜಿಲ್ಲೆಯ ಕಾಡುಸಸ್ಯಗಳನ್ನು ಗುರುತಿಸಬಯಸುವವರಿಗೆ ಉಡುಪಿಯ ಸಸ್ಯಶಾಸ್ತ್ರಜ್ಞ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಪ್ರಕಟಿಸಿದ ಉಡುಪಿಯ ಸಸ್ಯಸಂಪತ್ತಿನ ಗ್ರಂಥವಿದೆ.

ನಿಜವಾದ ಲಿಲ್ಲಿಯ ತೊಡಕು

ಏಷ್ಯಾಟಿಕ್, ಓರಿಯೆಂಟಲ್ ಎಂಬ ಹೆಸರಿನ ಲಿಲಿಯಂ ಗಡ್ಡೆಗಳು ಬಹುಮಟ್ಟಿಗೆ ನೆದರ್‌ಲ್ಯಾಂಡ್ಸ್‌ನಿಂದ ಬರುತ್ತವೆ. ಇವು ಹೂವು ಬಿಡಬೇಕಾದರೆ ಮೊದಲು ಆರರಿಂದ ಎಂಟು ವಾರ, 2ರಿಂದ 5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪನ್ನು ಅನುಭವಿಸಿರಬೇಕು. ಮಾರಾಟಕ್ಕೆ ಬರುವ ಗಡ್ಡೆಗಳು ಶೀತಾಗಾರದಲ್ಲಿಯೇ ಈ ಚಳಿಗಾಲವನ್ನು ಮುಗಿಸಿಕೊಂಡಿರುವುದರಿಂದ ಮೊದಲ ವರ್ಷ ತಪ್ಪದೆ ಅರಳುತ್ತವೆ. ಎರಡನೆಯ ವರ್ಷಕ್ಕೆ ಬೇಕಾದ ಚಳಿಯನ್ನು ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲಿರುವ ಉಡುಪಿ ಕೊಡಲಾರದು. ಇನ್ನೊಂದು ತೊಂದರೆಯೂ ಇದೆ. ಈರುಳ್ಳಿಗಿರುವಂಥ ಒಣ ಹೊರಸಿಪ್ಪೆ ಲಿಲಿಯಂ ಗಡ್ಡೆಗೆ ಇಲ್ಲ. ಬಿಡಿಬಿಡಿ ಹೊರಪೆಗಳ ಆ ಗಡ್ಡೆ ಬಿಸಿಲಿಗೆ ಬೇಗ ಬಾಡುತ್ತದೆ, ನೀರು ನಿಂತರೆ ಬೇಗ ಕೊಳೆಯುತ್ತದೆ.

ಹಟ ಬಿಡದ ಹವ್ಯಾಸಿಗಳು ಹೂವು ಮುಗಿದ ಮೇಲೆ ಎಲೆ ಹಳದಿಯಾಗುವವರೆಗೆ ಕಾದು, ಮಳೆಗೆ ಮುನ್ನ ಗಡ್ಡೆಯನ್ನು ಕಿತ್ತು, ಸ್ವಲ್ಪ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಹೂತು ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಟ್ಟು ನವೆಂಬರ್‌ನಲ್ಲಿ ಮರುನೆಡುವುದುಂಟು. ಹಾಗೆ ಇಡುವಾಗ ಮಾವು, ಬಾಳೆ, ಸೇಬು ಮುಂತಾದ ಹಣ್ಣುಗಳನ್ನು ಜೊತೆಗೆ ಇಡಬಾರದು. ಮಾಗುವ ಹಣ್ಣು ಹೊರಸೂಸುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಹೂವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ ಲಿಲಿಯಂ ಒಂದು ಋತುವಿನ ಅತಿಥಿ ಎಂದು ತಿಳಿದು ಕೊಂಡರೆ ನಿರಾಶೆಯಿಲ್ಲ. ಹೂಗುಚ್ಛದ ಬೆಲೆ ಕೊಟ್ಟು ಎರಡು ವಾರದ ಹೂವನ್ನು ಕೊಂಡಂತೆ, ಅಷ್ಟೆ.

ಕಾಪುವಿನ ಮರಳು

ಕಾಪುವಿನಲ್ಲಿ, 1901ರ ದೀಪಸ್ತಂಭದಿಂದ ಆಚೀಚೆ ಕಡಲಿಗೆ ಮುಖ ಮಾಡಿದ ಮನೆಗಳ ಹಿತ್ತಿಲು ಬಹುತೇಕ ಮರಳು. ನೀರು ನಿಲ್ಲುವುದಿಲ್ಲ ಎಂಬುದು ಅನುಕೂಲ. ಗೊಬ್ಬರವೂ ನಿಲ್ಲುವುದಿಲ್ಲ, ಉಪ್ಪುಗಾಳಿಗೆ ಎಲೆಯ ಅಂಚು ಸುಡುತ್ತದೆ ಎಂಬುದು ಅನನುಕೂಲ. ಇಂಥಲ್ಲಿ ಗೆಲ್ಲುವುದು ಸ್ಪೈಡರ್ ಲಿಲ್ಲಿ ಮತ್ತು ಕ್ರೈನಂ.

ಬಿಳಿಯ ಉದ್ದ ಎಸಳುಗಳು ಜೇಡನ ಕಾಲಿನಂತೆ ಚಾಚಿ, ನಡುವೆ ತೆಳು ಬಟ್ಟಲಿರುವ ಸ್ಪೈಡರ್ ಲಿಲ್ಲಿ ಉಷ್ಣವಲಯದ ಅಮೆರಿಕದಿಂದ ಬಂದದ್ದು. ಸಂಜೆಯ ಮೇಲೆ ಅದರ ಪರಿಮಳ ಹರಡುತ್ತದೆ. ಕ್ರೈನಂ ಏಷ್ಯಾಟಿಕಂ ಅದಕ್ಕಿಂತ ದೊಡ್ಡದು; ಮೀಟರಿನಷ್ಟು ಎತ್ತರಕ್ಕೆ ಬೆಳೆಯುವ ಅದರ ಒಂದೊಂದು ದಂಟಿನ ತುದಿಯಲ್ಲಿ ಹತ್ತಿಪ್ಪತ್ತು ಬಿಳಿ ಹೂಗಳ ಗೊಂಚಲು. ಇದು ಏಷ್ಯದ ಕಡಲಕರೆಗಳದೇ ಗಿಡ. ನಿಂಬೆಗಾತ್ರದ ಬೀಜಕ್ಕೆ ಬೆಂಡಿನಂಥ ಹೊದಿಕೆಯಿರುವುದರಿಂದ ಅದು ಸಮುದ್ರದ ನೀರಿನಲ್ಲಿ ತೇಲಿಹೋಗಿ ಇನ್ನೊಂದು ತೀರದಲ್ಲಿ ಮೊಳೆಯಬಲ್ಲದು. ಎರಡನ್ನೂ ಬೇಲಿಯ ಸಾಲಿಗೆ ನೆಡಬಹುದು. ದನ ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲದ ಕೊನೆಯಲ್ಲಿ ಬುಡಕ್ಕೆ ಹಟ್ಟಿಗೊಬ್ಬರ ಹಾಗೂ ಒಣ ತರಗೆಲೆ ಹಾಕಿದರೆ ಸಾಕು. ಗಡ್ಡೆ ವಿಷಕಾರಿ, ತಿಂದರೆ ವಾಂತಿಯಾಗುತ್ತದೆ.

ಕಾಪು ತಾಲೂಕಿನ ಶಂಕರಪುರ ಮಲ್ಲಿಗೆಯ ಊರು. ಮಲ್ಲಿಗೆಯನ್ನು ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರಿ ಬದುಕುವ ಮನೆಗಳವು. ಲಿಲ್ಲಿಗೆ ಅಂಥ ಮಾರುಕಟ್ಟೆಯಿಲ್ಲ. ಆದಾಯದ ಆಸೆಯಿಂದ ಮಲ್ಲಿಗೆಯ ಜಾಗಕ್ಕೆ ಲಿಲ್ಲಿ ತರುವುದು ಬುದ್ಧಿವಂತಿಕೆಯಾಗದು. ಮಲ್ಲಿಗೆಗೆ ಬಿಸಿಲು ಸಾಲದೆ ಬಿಟ್ಟ ಮೂಲೆ ಸ್ಪೈಡರ್ ಲಿಲ್ಲಿಗೆ ಸಾಕಾಗುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ಮಣಿಪಾಲದ ಮುರಕಲ್ಲು

ಮಣಿಪಾಲ ನಿಂತಿರುವುದು ಮುರಕಲ್ಲಿನ ಗುಡ್ಡದ ಮೇಲೆ. ಇಲ್ಲಿ ಹೊಸ ಮನೆ ಕಟ್ಟಿದವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಗಟ್ಟಿ ಕಲ್ಲಿನಲ್ಲಿ ಒಂದಡಿ ಗುಂಡಿ ಕಡಿದು, ಒಳ್ಳೆಯ ಮಣ್ಣು ತುಂಬಿ ಗಡ್ಡೆ ನೆಡುತ್ತಾರೆ. ಮೇ ತಿಂಗಳವರೆಗೆ ಎಲ್ಲವೂ ಸರಿಯಾಗಿರುತ್ತದೆ. ಜೂನ್‌ನಲ್ಲಿ ಆ ಗುಂಡಿ ತೂತಿಲ್ಲದ ಕೊಡಪಾನವಾಗುತ್ತದೆ. ಮುರಕಲ್ಲಿನಲ್ಲಿ ತಗ್ಗಿಗಿಂತ ದಿಬ್ಬ ಲೇಸು. ನೆಲದ ಮೇಲೆ ಕಲ್ಲಿನ ಅಂಚು ಕಟ್ಟಿ, ಮುಕ್ಕಾಲು ಅಡಿ ಎತ್ತರಕ್ಕೆ ಕೆಂಪುಮಣ್ಣು, ಹೊಳೆಮರಳು, ಹಟ್ಟಿಗೊಬ್ಬರ ಬೆರೆಸಿ ಏರಿ ಮಾಡಿದರೆ ನೀರು ತಾನಾಗಿ ಇಳಿದುಹೋಗುತ್ತದೆ. ಇಲ್ಲಿಯ ಮಣ್ಣು ಹುಳಿ ಗುಣದ್ದು. ಹಳಬರು ಬಳಸುತ್ತಿದ್ದ ಸುಡುಮಣ್ಣು ಅಥವಾ ಬಚ್ಚಲೊಲೆಯ ಒಂದು ಹಿಡಿ ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ. ಕುಂಡಕ್ಕೆ ತೆಂಗಿನ ನಾರಿನ ಪುಡಿಯನ್ನು ಧಾರಾಳವಾಗಿ ಬೆರೆಸುವ ಇತ್ತೀಚಿನ ರೂಢಿ ಬೆಂಗಳೂರಿನ ಬಾಲ್ಕನಿಗೆ ಸರಿ. ನಾಲ್ಕು ತಿಂಗಳು ಒದ್ದೆಯಾಗಿಯೇ ಇರುವ ಊರಿನಲ್ಲಿ ಅದು ಗಡ್ಡೆಯನ್ನು ಕೊಳೆಸುತ್ತದೆ.

ಇಂಥ ಏರಿಗೆ ಅತ್ಯಂತ ಸೂಕ್ತವಾದದ್ದು ಮಳೆ ಲಿಲ್ಲಿ. ಬಿಳಿ, ಗುಲಾಬಿ, ಹಳದಿ ಬಣ್ಣಗಳಲ್ಲಿ ದೊರೆಯುವ ಈ ಪುಟ್ಟ ಗಿಡದ ಎಲೆ ಹುಲ್ಲಿನಂತೆ. ಬೇಸಗೆಯಲ್ಲಿ ಅದು ಸತ್ತೇ ಹೋಯಿತೆನ್ನುವಂತೆ ಕಂಡರೂ ಮೊದಲ ಮಳೆ ಬಿದ್ದು ಕೆಲವೇ ದಿನಗಳಲ್ಲಿ ಏರಿಯ ತುಂಬ ಹೂವು ನಿಲ್ಲುತ್ತದೆ. ದಿನವೂ ಕೊಳವೆಯಿಂದ ನೀರು ಹಾಯಿಸುವವರ ತೋಟದಲ್ಲಿ ಇದು ಎಲೆ ಮಾತ್ರ ಬಿಡುವುದೇಕೆಂದರೆ, ಒಣಗಿದ ನಂತರದ ನೀರೇ ಇದಕ್ಕೆ ಹೂವಿನ ಕರೆ. ಎರಡು ಮೂರು ವಾರ ನೀರು ನಿಲ್ಲಿಸಿ ಬಳಿಕ ಧಾರಾಳವಾಗಿ ಕೊಟ್ಟರೆ ಮಳೆಯಿಲ್ಲದ ಕಾಲದಲ್ಲಿಯೂ ಅರಳಿಸಬಹುದು. ಗಡ್ಡೆಗಳನ್ನು ಎರಡಂಗುಲ ಆಳದಲ್ಲಿ ಒತ್ತೊತ್ತಾಗಿ ನೆಟ್ಟು ಹಲವು ವರ್ಷ ಹಾಗೆಯೇ ಬಿಡಬೇಕು. ಗುಂಪು ಹೆಚ್ಚಿದಷ್ಟೂ ನೋಟ ಚೆನ್ನ.

ಫುಟ್‌ಬಾಲ್ ಲಿಲ್ಲಿಯದೂ ಇದೇ ಲೆಕ್ಕಾಚಾರ. ಆಫ್ರಿಕ ಮೂಲದ ಇದು ವರ್ಷವಿಡೀ ನೆಲದೊಳಗಿದ್ದು, ಮೇ ತಿಂಗಳ ಗುಡುಗುಮಳೆಗೆ ಎಲೆಗಿಂತ ಮೊದಲು ಕೆಂಪು ಚೆಂಡಿನಂಥ ಹೂವನ್ನು ಮೇಲೆತ್ತುತ್ತದೆ. ಮರದ ನೆರಳಿನಲ್ಲಿಯೂ ಆದೀತು. ಹಿಪ್ಪಿಯಾಸ್ಟ್ರಂಗೆ ಮಾತ್ರ ಸ್ವಲ್ಪ ಜಾಗರೂಕತೆ ಬೇಕು. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು. ಡಿಸೆಂಬರ್, ಜನವರಿಯಲ್ಲಿ ನೀರು ನಿಲ್ಲಿಸಿದರೆ ಬೇಸಗೆಯ ಆರಂಭದಲ್ಲಿ ದಂಟು ಬರುತ್ತದೆ. ಹೂವು ಬಾಡಿದ ಕೂಡಲೇ ಎಲೆ ಕತ್ತರಿಸುವವರಿದ್ದಾರೆ. ಮುಂದಿನ ವರ್ಷದ ಹೂವನ್ನು ಗಡ್ಡೆಯೊಳಗೆ ತುಂಬುವುದು ಆ ಎಲೆಯೇ ಆದ್ದರಿಂದ ಅದು ತಪ್ಪು. ಹಳೆಯ ಮನೆಗಳ ಕಿತ್ತಳೆ ಬಣ್ಣದ ತಳಿ ಮಳೆಯನ್ನು ತಾಳಿಕೊಳ್ಳುತ್ತದೆ. ಹೊಸ ದೊಡ್ಡ ಹೂವಿನ ತಳಿಗಳ ಕುಂಡವನ್ನು ಮಳೆಗಾಲದಲ್ಲಿ ಮಾಡಿನ ಕೆಳಗೆ ಸರಿಸುವುದು ಒಳಿತು.

ಉಡುಪಿಯ ಅಂಗಳದಲ್ಲಿ ನೈದಿಲೆ

ಪೇಟೆಯ ನಡುವೆ, ಮಣ್ಣೇ ಕಾಣದ ಇಂಟರ್‌ಲಾಕ್ ಅಂಗಳದ ಮನೆಗಳಿಗೆ ನೈದಿಲೆಯೇ ಉತ್ತಮ ಆಯ್ಕೆ. ಎರಡಡಿ ಅಗಲದ ತೊಟ್ಟಿ, ದಿನಕ್ಕೆ ಐದಾರು ಗಂಟೆಯ ಬಿಸಿಲು ಇದ್ದರಾಯಿತು. ಗದ್ದೆಯ ಜಿಗುಟು ಮಣ್ಣನ್ನು ಅಗಲವಾದ ಸಣ್ಣ ಕುಂಡದಲ್ಲಿ ತುಂಬಿ, ಗಡ್ಡೆ ನೆಟ್ಟು, ಮೇಲೆ ಮರಳು ಹರಡಿ ತೊಟ್ಟಿಯಲ್ಲಿ ಇಳಿಸಬೇಕು. ಗಡ್ಡೆಯ ಮೇಲೆ ಅರ್ಧದಿಂದ ಒಂದಡಿ ನೀರು ಸಾಕು. ಹಸಿ ಗೊಬ್ಬರ, ಎಲೆಗೊಬ್ಬರ ಹಾಕಿದರೆ ಅದು ತೇಲಿ ನೀರು ಕೊಳೆಯುತ್ತದೆ.

ಕೊಳ್ಳುವ ಮುನ್ನ ಅರಳುವ ಹೊತ್ತನ್ನು ಕೇಳಿಕೊಳ್ಳಬೇಕು. ನೀಲಿ ನೈದಿಲೆ ಬೆಳಿಗ್ಗೆ ಬಿಸಿಲೇರಿದ ಮೇಲೆ ತೆರೆದು ಸಂಜೆಗೆ ಮುನ್ನ ಮುಚ್ಚುತ್ತದೆ. ಒಂಬತ್ತಕ್ಕೆ ಮನೆ ಬಿಟ್ಟು ಆರಕ್ಕೆ ಮರಳುವ ಉದ್ಯೋಗಿಗೆ ಅದು ಭಾನುವಾರದ ಹೂವು. ಬಿಳಿ ಮತ್ತು ಕೆಂಪು ದೇಸಿ ನೈದಿಲೆಗಳು ಇರುಳಿನಲ್ಲಿ ಅರಳಿ ಮರುದಿನ ಹೊತ್ತೇರಿದ ಮೇಲೆ ಮುಚ್ಚುತ್ತವೆ. ನೈದಿಲೆಯನ್ನು ಚಂದ್ರನ ಸಖಿಯೆಂದ ಕವಿಗಳು ನೋಡಿದ್ದು ಇವನ್ನೇ ಇರಬೇಕು.

ಆದರೆ ತೊಟ್ಟಿಯೆಂದರೆ ಸೊಳ್ಳೆ. ಮಲೇರಿಯಾ, ಡೆಂಗಿ ಎರಡೂ ಪರಿಚಿತವಾಗಿರುವ ಕರಾವಳಿಯಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತೊಟ್ಟಿಗೆ ನೀರು ತುಂಬಿದ ವಾರದೊಳಗೆ ಮೀನು ಬಿಡಲೇಬೇಕು. ಗಪ್ಪಿ ಮೀನು ಸುಲಭವಾಗಿ ಸಿಗುತ್ತದೆ. ತೋಡು, ಗದ್ದೆಗಳಲ್ಲಿ ನೀರಿನ ಮೇಲ್ಮೈಯಲ್ಲಿಯೇ ಸುಳಿಯುವ, ತಲೆಯ ಮೇಲೆ ಬೆಳ್ಳಿಚುಕ್ಕೆಯಿರುವ ಊರಿನ ಪುಟ್ಟ ಮೀನೂ ಸೊಳ್ಳೆಮರಿಗಳನ್ನು ಚೊಕ್ಕಟವಾಗಿ ತಿನ್ನುತ್ತದೆ. ಗಪ್ಪಿ ಹೊರಗಿನದಾದ್ದರಿಂದ ಅದನ್ನು ಕೆರೆ, ತೋಡುಗಳಿಗೆ ಬಿಡಬಾರದು. ನೈದಿಲೆಯ ಜೊತೆಗೆ ಉಚಿತವಾಗಿ ಬರುವ ಅಂತರಗಂಗೆಯನ್ನು ಬಿಸಿಲಲ್ಲಿ ಒಣಗಿಸಿ ಎಸೆಯುವುದೇ ಕ್ಷೇಮ.

ಕಾರ್ಕಳ: ಸುಗಂಧಿಯೂ ಗೌರಿ ಹೂವೂ

1432ರ ಗೋಮಟ ನಿಂತಿರುವ ಕಾರ್ಕಳ ಘಟ್ಟದ ಬುಡಕ್ಕೆ ಹತ್ತಿರ. ಮಳೆ ಕರೆಗಿಂತ ಹೆಚ್ಚು, ಅಡಿಕೆ ತೋಟಗಳ ನೆರಳು, ಉಜಿರುಕಣಿಯ ತೇವ. ಇಲ್ಲಿ ಬಿಳಿ ಪಾತರಗಿತ್ತಿಯಂಥ ಹೂವಿನ ಸುಗಂಧಿ, ಅಂದರೆ ಜಿಂಜರ್ ಲಿಲ್ಲಿ, ನೀರು ಹರಿಯುವ ಕಣಿಯ ಬದಿಯಲ್ಲಿಯೇ ಸೊಂಪಾಗಿ ಬೆಳೆದು ಮಳೆಗಾಲದಲ್ಲಿ ಮುಡಿಗೆ ಹೂವು ಕೊಡುತ್ತದೆ. ಶುಂಠಿಯಂತೆ ಗಡ್ಡೆ ಮುರಿದು ನೆಟ್ಟರೆ ಬರುತ್ತದೆ. ಹಬ್ಬುವ ಸ್ವಭಾವದ್ದು, ಕ್ಯೂಬಾ ದೇಶ ರಾಷ್ಟ್ರಪುಷ್ಪವಾಗಿ ಮಾನ್ಯ ಮಾಡಿರುವ ಇದೇ ಹೂವನ್ನು ಬ್ರೆಜಿಲ್ ಮತ್ತು ಹವಾಯಿಯಲ್ಲಿ ಕಳೆಯೆಂದು ಕೀಳುತ್ತಾರೆ. ಕಾಡಿನ ತೊರೆಗಳ ಬದಿಗೆ ಇದರ ಗಡ್ಡೆ ಎಸೆಯದಿರುವುದು ಒಳ್ಳೆಯದು.

ಲಿಲ್ಲಿ ಕುಟುಂಬಕ್ಕೆ ಹತ್ತಿರದ, ಈ ನೆಲದ್ದೇ ಆದ ಹೂವು ಯಾವುದೆಂದರೆ ಗೌರಿ ಹೂವು. ಅಗ್ನಿಶಿಖೆ ಎಂದೂ ಇದಕ್ಕೆ ಹೆಸರು. ಮೊದಲ ಮಳೆಗೆ ಬೇಲಿಸಾಲಿನಲ್ಲಿ ತಲೆಯೆತ್ತಿ, ಎಲೆಯ ತುದಿಯನ್ನೇ ಬಳ್ಳಿಕೈಯಾಗಿ ಸುತ್ತಿಕೊಂಡು ಹತ್ತಿ, ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಹಳದಿ ಹಸಿರಾಗಿ ತೆರೆದ ಎಸಳುಗಳು ದಿನ ಕಳೆದಂತೆ ಕೆಂಪಾಗುತ್ತ ಜ್ವಾಲೆಯಂತೆ ಮೇಲಕ್ಕೆ ಬಾಗುತ್ತವೆ. ತಮಿಳುನಾಡಿನ ರಾಜ್ಯಪುಷ್ಪ, ಜಿಂಬಾಬ್ವೆಯ ರಾಷ್ಟ್ರಪುಷ್ಪ ಇದೇ. ಕವಲೊಡೆದ ಗಡ್ಡೆ ನೇಗಿಲಿನಂತಿರುವುದರಿಂದ ಸಂಸ್ಕೃತದಲ್ಲಿ ಲಾಂಗಲೀ. ತೋಟದಲ್ಲಿ ಬೆಳೆಸಬಯಸುವವರು ಏಪ್ರಿಲ್ ಕೊನೆಯಲ್ಲಿ ಗಡ್ಡೆಯನ್ನು ಮೂರಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ಮೊಳಕೆಯ ಕಣ್ಣು ಗಡ್ಡೆಯ ತುದಿಯಲ್ಲಿ ಮಾತ್ರ ಇರುತ್ತದೆ. ಅದು ಮುರಿದರೆ ಗಿಡವಿಲ್ಲ. ದಾಸವಾಳದ ಬೇಲಿ ಇದಕ್ಕೆ ಒಳ್ಳೆಯ ಆಸರೆ. ನವೆಂಬರ್‌ನಲ್ಲಿ ಬಳ್ಳಿ ಒಣಗುವುದು ಸಹಜ, ಆಮೇಲೆ ನೀರು ಬೇಡ.

ಈ ಹೂವನ್ನು ಬೆಳೆಸುವ ಮನೆಯವರು ಒಂದು ಸಂಗತಿಯನ್ನು ಮರೆಯಕೂಡದು. ಇದರ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಕೊಲ್ಚಿಸಿನ್ ಎಂಬ ಮಾರಕ ವಿಷವಿದೆ. ಅದೇ ಕೊಲ್ಚಿಸಿನ್ ಅತ್ಯಲ್ಪ ಪ್ರಮಾಣದಲ್ಲಿ ಗೌಟ್ ಎಂಬ ಸಂಧಿನೋವಿಗೆ ಔಷಧಿ. ಅದಕ್ಕಾಗಿಯೇ ತಮಿಳುನಾಡಿನಲ್ಲಿ ಈ ಬಳ್ಳಿಯನ್ನು ಬೀಜಕ್ಕೋಸ್ಕರ ಹೊಲದಲ್ಲಿ ಬೆಳೆಯುತ್ತಾರೆ. ಗಡ್ಡೆ ನೋಡಲು ಗೆಣಸಿನಂತೆಯೇ ಇರುವುದು ಅಪಾಯದ ಮೂಲ. ಕಾಡುಗೆಣಸು ಅಗೆಯುವ ರೂಢಿಯಿರುವ ಕಡೆ ಅದನ್ನು ತಿಳಿಯದೆ ಬೇಯಿಸಿದರೆ ಪ್ರಾಣಕ್ಕೇ ಎರವಾಗುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬಾರದು. ತಿಂದ ಕೆಲವು ಗಂಟೆಗಳಲ್ಲಿ ಬಾಯಿ, ಗಂಟಲಿನಲ್ಲಿ ಉರಿ, ವಾಂತಿ, ಬಿಡದ ಭೇದಿ ಆರಂಭವಾಗುತ್ತದೆ. ವಾಂತಿಯಾಗಿ ವಿಷ ಹೊರಬಿತ್ತೆಂದು ಮನೆಯಲ್ಲಿಯೇ ಕಾಯುವುದು ದೊಡ್ಡ ತಪ್ಪು. ಮೂತ್ರಪಿಂಡ, ಹೃದಯ, ಅಸ್ಥಿಮಜ್ಜೆಗಳಿಗೆ ಆಗುವ ಹಾನಿ ಮುಂದಿನ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗಿಡದ ತುಂಡನ್ನು ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಗಡ್ಡೆ ನೆಡುವಾಗ ಕೈಗವಸು ಧರಿಸಬೇಕು, ಅಡಿಗೆಮನೆಯ ಹತ್ತಿರ ಅದನ್ನು ಇಡಬಾರದು, ಗೆಣಸು, ಸುವರ್ಣಗೆಡ್ಡೆಯ ಪಾತಿಯ ಬಳಿ ನೆಡಬಾರದು. ಪುಟ್ಟ ಮಕ್ಕಳಿರುವ ಮನೆಗಳು ಈ ಹೂವನ್ನು ಬೇಲಿಯಾಚೆಯೇ ನೋಡಿ ಸಂತೋಷಪಡುವುದು ವಿವೇಕ.

ಬೆಕ್ಕು ಸಾಕುವವರಿಗೆ ಬೇರೊಂದು ಎಚ್ಚರಿಕೆ. ನಿಜವಾದ ಲಿಲಿಯಂ ಮತ್ತು ಡೇ ಲಿಲ್ಲಿಗಳ ಎಲೆ, ಹೂವು, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಮೂತ್ರಪಿಂಡವನ್ನು ಒಂದೆರಡು ದಿನದಲ್ಲಿ ಕೆಡಿಸುತ್ತವೆ. ಮೈಗಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಪೀಸ್ ಲಿಲ್ಲಿ ಅಷ್ಟು ಕ್ರೂರವಲ್ಲ; ಕೆಸುವಿನಂತೆ ಬಾಯಿ ತುರಿಸುತ್ತದೆ.

ಹುಳು, ಕೊಳೆ

ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳ ಕಂಬಳಿಹುಳುವಿನಂಥ ಹುಳುಗಳು ಗುಂಪಾಗಿ ಬಂದು ಸ್ಪೈಡರ್ ಲಿಲ್ಲಿ, ಕ್ರೈನಂ, ಹಿಪ್ಪಿಯಾಸ್ಟ್ರಂ, ಗೌರಿ ಹೂವಿನ ಎಲೆಗಳನ್ನು ಬುಡದವರೆಗೆ ಮೇಯುತ್ತವೆ. ಇದು ಲಿಲ್ಲಿ ಪತಂಗದ ಮರಿ. ಎಲೆಯ ಮೇಲೆ ಮೊಟ್ಟೆಗಳ ಗುಂಪು ಕಂಡಾಗಲೇ ಒರೆಸಿ ತೆಗೆದರೆ, ಸಂಜೆ ಟಾರ್ಚು ಹಿಡಿದು ಹುಳುಗಳನ್ನು ಸಾಬೂನು ನೀರಿಗೆ ಹಾಕಿದರೆ ಸಿಂಪಡಣೆಯ ಅಗತ್ಯ ಬೀಳುವುದಿಲ್ಲ. ಮೇಯ್ದ ಗಿಡ ಗಡ್ಡೆ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟದೆ ಆಯ್ದು ನಾಶಪಡಿಸಬೇಕು. ಹಿಪ್ಪಿಯಾಸ್ಟ್ರಂ ಎಲೆಯ ಮೇಲೆ ಕೆಂಪು ಕಲೆಗಳೆದ್ದರೆ ಅದು ಶಿಲೀಂಧ್ರ. ಆ ಎಲೆ ಕತ್ತರಿಸಿ ಸುಟ್ಟು, ಕುಂಡವನ್ನು ಗಾಳಿಯಾಡುವೆಡೆಗೆ ಸರಿಸಬೇಕು. ಮಣ್ಣಿನ ಬಗ್ಗೆ ಸಂದೇಹವಿದ್ದವರು ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಗಡ್ಡೆ ಕೀಳಲು, ಹಂಚಲು ಒಳ್ಳೆಯ ಕಾಲವೆಂದರೆ ನವೆಂಬರ್. ಮಳೆ ಹಿಂದೆಗೆದು ಮಣ್ಣು ಇನ್ನೂ ಮೆತ್ತಗಿರುತ್ತದೆ. ಸ್ಪೈಡರ್ ಲಿಲ್ಲಿಯ ಒಂದು ಬುಡದಲ್ಲಿ ಹತ್ತಾರು ಮರಿಗಳಿರುವುದು ಸಾಮಾನ್ಯ. ಕರಾವಳಿಯ ಹಳೆಯ ಮನೆಗಳಲ್ಲಿ ಇವು ಬೆಲೆ ಕೊಟ್ಟು ಕೊಳ್ಳುವ ವಸ್ತುವಲ್ಲ. ನೆರೆಮನೆಯವರನ್ನು ಕೇಳಿದರೆ ಒಂದು ಬುಡ ಅಗೆದು, ತೇವದ ಬಾಳೆಎಲೆಯಲ್ಲಿ ಸುತ್ತಿ ಕೊಡುತ್ತಾರೆ.